ದೃಷ್ಟಿದಾನದ ಲೆಕ್ಕ ಎಲ್ಲಿದೆ?

ನಮ್ಮ ಬಸದಿಗಳ ಟ್ರಸ್ಟುಗಳು ಹೊರತರುವ ವಾರ್ಷಿಕ ವರದಿಗಳಲ್ಲಿ ಉಚಿತ ನೇತ್ರ ಚಿಕಿತ್ಸಾ ಶಿಬಿರಕ್ಕೆ ಒಂದು ಪುಟ ಮೀಸಲಾಗಿರುತ್ತದೆ. ತಪಾಸಣೆಗೆ ಬಂದವರೆಷ್ಟು, ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೆಷ್ಟು, ಊಟೋಪಚಾರದ ವೆಚ್ಚವೆಷ್ಟು, ದಾನಿಗಳು ಯಾರು ಯಾರು ಎಂಬುದೆಲ್ಲವೂ ಅಲ್ಲಿ ಅಚ್ಚಾಗಿರುತ್ತದೆ. ಆ ಕಣ್ಣುಗಳಲ್ಲಿ ಎಷ್ಟಕ್ಕೆ ದೃಷ್ಟಿ ಬಂದಿತೆಂಬುದು ಮಾತ್ರ ಇರುವುದಿಲ್ಲ. ಒಂದು ಟ್ರಸ್ಟಿನ ಸಭೆಯಲ್ಲಿ ನಾನು ಈ ಪ್ರಶ್ನೆಯನ್ನೆತ್ತಿದಾಗ ಹಿರಿಯರೊಬ್ಬರು, "ದಾನ ಮಾಡಿದ ಮೇಲೆ ಫಲವನ್ನು ಎಣಿಸಬಾರದು" ಎಂದರು. ಅವರ ವಯಸ್ಸಿಗೆ ಗೌರವವಿತ್ತೂ ಆ ಮಾತನ್ನು ನಾನು ಒಪ್ಪಲಾರೆ. ದಾನಿಯು ತನಗೆ ಬರುವ ಪುಣ್ಯವನ್ನು ಎಣಿಸಬಾರದು, ನಿಜ. ಆದರೆ ದಾನ ಪಡೆದವನ ಕಣ್ಣು ಕಾಣುತ್ತಿದೆಯೇ ಎಂದು ವಿಚಾರಿಸದಿರುವುದಕ್ಕೆ ಪ್ರಮಾದವೆಂದೇ ಹೆಸರು. ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಗುರುತಿಸಿದ ಸಮಾಜಕ್ಕೆ ಇದನ್ನು ಬಿಡಿಸಿ ಹೇಳಬೇಕೇ?

ಶಿಬಿರಗಳ ಪರಂಪರೆಯನ್ನು ಹಳಿಯುವ ಉದ್ದೇಶ ನನಗಿಲ್ಲ. 2005ರಲ್ಲಿ ನಿಧನರಾದ ನಮ್ಮ ನಾಡಿನ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ಶಿಬಿರ ಹೂಡಿ ಅಸಂಖ್ಯ ಬಡವರ ಕಣ್ಣು ತೆರೆಸಿದರು. ಆ ಋಣ ದೊಡ್ಡದು. ಆದರೆ ಅಂದಿನ ಶಿಬಿರಗಳಲ್ಲಿ ರೂಢಿಯಲ್ಲಿದ್ದ ವಿಧಾನದಲ್ಲಿ ಪೊರೆಗಟ್ಟಿದ ಮಸೂರವನ್ನು ಅದರ ಕೋಶದೊಡನೆ ತೆಗೆದು, ದಪ್ಪ ಗಾಜಿನ ಕನ್ನಡಕ ಕೊಡಲಾಗುತ್ತಿತ್ತು. ಅದರಲ್ಲಿ ವಸ್ತುಗಳು ಸುಮಾರು ಕಾಲು ಭಾಗ ದೊಡ್ಡದಾಗಿ ಕಾಣುತ್ತಿದ್ದವು. ಅಕ್ಕಪಕ್ಕದ ನೋಟ ಕುಗ್ಗುತ್ತಿತ್ತು. ಕನ್ನಡಕ ಒಡೆದ ದಿನ ಮತ್ತೆ ಕುರುಡುತನ. ಕಣ್ಣೊಳಗೆ ಕೃತಕ ಮಸೂರವಿಡುವ ಕಾರ್ಯವನ್ನು ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿಯವರು 1949ರಲ್ಲಿಯೇ ಆರಂಭಿಸಿದ್ದರೂ ನಮ್ಮ ಬಡವರಿಗೆ ಅದು ದಶಕಗಳ ಕಾಲ ದೊರೆಯಲಿಲ್ಲ. ಬೆಲೆ ಹೆಚ್ಚು, ಜೊತೆಗೆ, ಒಂದೇ ಕಡೆ ಸಾವಿರಗಟ್ಟಲೆ ಶಸ್ತ್ರಚಿಕಿತ್ಸೆ ನಡೆಯುವಲ್ಲಿ ಅದು ಸುರಕ್ಷಿತವೇ ಎಂಬ ಸಂಶಯ.

ಆ ಸಂಶಯವನ್ನು ನೀಗಿಸಿದ್ದು ಸಂಶೋಧನೆ. ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆಯಲ್ಲಿ, ಪೊರೆಯಿಂದ ಎರಡೂ ಕಣ್ಣು ಕಾಣದಾಗಿದ್ದ 3,400 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹಳೆಯ ವಿಧಾನದ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಕೃತಕ ಮಸೂರವನ್ನೂ ನೀಡಿ, ವರ್ಷದವರೆಗೆ ಪರೀಕ್ಷಿಸಿದರು. ಮಸೂರವು ಸುರಕ್ಷಿತವೆಂದೂ, ದೃಷ್ಟಿಯೂ ನಿತ್ಯಜೀವನವೂ ಅದರಿಂದ ಹೆಚ್ಚು ಸುಧಾರಿಸುವುವೆಂದೂ 1998ರಲ್ಲಿ ಪ್ರಕಟವಾಯಿತು. ಅದೇ ಸಂಸ್ಥೆಯ ಅರೋಲ್ಯಾಬ್ 1992ರಿಂದಲೇ ಅಗ್ಗದ ಮಸೂರಗಳನ್ನು ತಯಾರಿಸತೊಡಗಿತ್ತು.

ಇನ್ನೊಂದು ನಿದರ್ಶನ. ಶಸ್ತ್ರಚಿಕಿತ್ಸೆಯ ನಂತರ ಕಣ್ಣೊಳಗೆ ಸೋಂಕು ತಗುಲಿದರೆ ಕಣ್ಣೇ ಹೋಗಬಹುದು. ಅದನ್ನು ತಡೆಯಲು ಮಾಕ್ಸಿಫ್ಲಾಕ್ಸಸಿನ್ ಎಂಬ ಔಷಧವನ್ನು ಶಸ್ತ್ರಚಿಕಿತ್ಸೆಯ ವೇಳೆ ಕಣ್ಣೊಳಗೆ ಹಾಕುವ ಕ್ರಮವನ್ನು ಅರವಿಂದ ಆಸ್ಪತ್ರೆಗಳು ಅನುಸರಿಸಿದವು. 6 ಲಕ್ಷಕ್ಕೂ ಮೀರಿದ ಶಸ್ತ್ರಚಿಕಿತ್ಸೆಗಳ ದಾಖಲೆಯನ್ನು ಪರಿಶೀಲಿಸಿದಾಗ, 10,000ಕ್ಕೆ ಸುಮಾರು 7ರಷ್ಟಿದ್ದ ಸೋಂಕು 2ಕ್ಕೆ ಇಳಿದದ್ದು ಕಂಡುಬಂದು, 2017ರಲ್ಲಿ ಪ್ರಕಟವಾಯಿತು. ಹತ್ತು ಸಾವಿರದಲ್ಲಿ ಐದು ಕಣ್ಣುಗಳ ಅಂತರ ಒಬ್ಬ ವೈದ್ಯನ ಅನುಭವಕ್ಕೆ ಗೋಚರಿಸದು. ಒಂದೊಂದು ಕಣ್ಣನ್ನೂ ಬರೆದಿಟ್ಟಿದ್ದರಿಂದ ಗೋಚರಿಸಿತು.

"ಹಾಗಾದರೆ ಬಡವರ ಮೇಲೆ ಪ್ರಯೋಗ ನಡೆಸಬೇಕೆನ್ನುವಿರಾ?" ಎಂದು ಕೇಳುವವರಿದ್ದಾರೆ. ಈ ಆತಂಕ ಸಾಧುವಾದುದೇ. ರೋಗಿಗೆ ಅವನ ಭಾಷೆಯಲ್ಲಿ ತಿಳಿಸಿ ಒಪ್ಪಿಗೆ ಪಡೆಯದೆ, ನೀತಿ ಸಮಿತಿಯ ಅನುಮತಿಯಿಲ್ಲದೆ ನಡೆಯುವ ಸಂಶೋಧನೆ ಅಧರ್ಮ. ಒಲ್ಲೆನೆಂದವನಿಗೂ ಚಿಕಿತ್ಸೆ ದೊರೆಯಲೇಬೇಕು. ಆದರೆ ಫಲವನ್ನು ನೋಡದೆ ವರ್ಷ ವರ್ಷವೂ ನಡೆಯುವ ಶಿಬಿರವನ್ನು ಏನೆಂದು ಕರೆಯೋಣ? ಅದೂ ಪ್ರಯೋಗವೇ, ಯಾರ ಒಪ್ಪಿಗೆಯೂ ಇಲ್ಲದ, ಯಾರಿಗೂ ಪಾಠವಾಗದ ಪ್ರಯೋಗ.

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ನಾವು ಬಲ್ಲೆವು. ಶಿಬಿರದಲ್ಲಿ ಆಹಾರವನ್ನೂ ಔಷಧವನ್ನೂ ಕೊಡುತ್ತೇವೆ. ತಿಳಿಸಿ ಒಪ್ಪಿಗೆ ಪಡೆಯುವುದು ಅಭಯದಾನ. ಫಲವನ್ನು ಬರೆದಿಟ್ಟು ಮುಂದಿನ ರೋಗಿಗೆ ನೆರವಾಗುವುದು ಶಾಸ್ತ್ರದಾನ. ಈ ಎರಡನ್ನು ಮರೆತಿದ್ದೇವೆ.

ಅಳತೆಗೋಲನ್ನು ನಾವು ಹುಡುಕಬೇಕಾಗಿಲ್ಲ. ಶಸ್ತ್ರಚಿಕಿತ್ಸೆಯಾದ ಕಣ್ಣುಗಳಲ್ಲಿ ಕನಿಷ್ಠ ಶೇ. 80ಕ್ಕೆ 6/18 ಅಥವಾ ಅದಕ್ಕಿಂತ ಉತ್ತಮ ದೃಷ್ಟಿಯಿರಬೇಕು, 6/60ಕ್ಕಿಂತ ಕಡಿಮೆ ಕಾಣುವ ಕಣ್ಣುಗಳು ಶೇ. 5ರೊಳಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿಯೇ ಸೂಚಿಸಿತು. ಟ್ರಸ್ಟುಗಳ ಪದಾಧಿಕಾರಿಗಳಲ್ಲಿ ನನ್ನ ಬಿನ್ನಹವಿಷ್ಟೆ: ರೋಗಿಗಳನ್ನು ಕೆಲವು ವಾರಗಳ ನಂತರ ಮರಳಿ ಕರೆತರುವ ವೆಚ್ಚವನ್ನು ಶಿಬಿರದ ಖರ್ಚಿನಲ್ಲಿಯೇ ಸೇರಿಸಿರಿ. ದೃಷ್ಟಿಯ ದಾಖಲೆ ಕೊಡಲೊಪ್ಪದ ಆಸ್ಪತ್ರೆಗೆ ಶಿಬಿರವನ್ನು ಒಪ್ಪಿಸಬೇಡಿರಿ. ಮುಂದಿನ ವರದಿಯಲ್ಲಿ ದಾನಿಗಳ ಪಟ್ಟಿಗಿಂತ ಮೊದಲು ಆ ಲೆಕ್ಕ ಅಚ್ಚಾಗಲಿ. ಅದು ನಮ್ಮನ್ನು ತಲೆತಗ್ಗಿಸುವಂತೆ ಮಾಡಿದರೂ ಅಚ್ಚಾಗಲಿ.