ಎಲ್ಲರೂ ನನ್ನ ಮಕ್ಕಳೇ ಅಂದದ್ದನ್ನು ನಾವು ಅರ್ಧ ಮಾತ್ರ ಕೇಳಿಸಿಕೊಂಡೆವು

ಜನವರಿ 15 ಬಂತೆಂದರೆ ಊರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಕಥೆ ಮತ್ತೆ ಓಡಾಡಲು ಶುರು ಮಾಡುತ್ತದೆ. 1949ರ ಆ ದಿನ ಕೊಡಗಿನ ಕೆ.ಎಂ. ಕಾರ್ಯಪ್ಪ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು, ಅದಕ್ಕೇ ಅದು ಸೇನಾ ದಿನ. ಕಥೆ ಮಾತ್ರ ಅವರ ಮಗನದು. ಮಗ ಪಾಕಿಸ್ತಾನದ ಕೈಗೆ ಸೆರೆಸಿಕ್ಕ, ಅಲ್ಲಿಯ ಅಧ್ಯಕ್ಷನೇ ಬಿಟ್ಟುಕೊಡುತ್ತೇನೆ ಅಂದ, ಅಪ್ಪ ಬೇಡ ಅಂದರು. ಕೆಳಗೆ ಒಂದು ಸಾಲು ಸೆಲ್ಯೂಟ್ ಎಮೋಜಿ, ಎರಡು ಧ್ವಜ. ಮುಗಿಯಿತು.

ಕಥೆ ಸುಳ್ಳಲ್ಲ. ಆದರೆ ನಾವು ಅದನ್ನು ಹೇಳುವ ರೀತಿಯಲ್ಲಿ ಅದರ ಅರ್ಧ ಕಳೆದುಹೋಗಿದೆ ಅನ್ನುವುದು ನನ್ನ ತಕರಾರು.

1965ರ ಸೆಪ್ಟೆಂಬರ್ 22. ಮರುದಿನ ನಸುಕಿನಲ್ಲೇ ಕದನ ವಿರಾಮ ಜಾರಿಗೆ ಬರುವುದಿತ್ತು. ವಾಯುಪಡೆಯ 20ನೇ ಸ್ಕ್ವಾಡ್ರನ್‌ನ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ, ಮನೆಯವರ ಪಾಲಿಗೆ ನಂದಾ, ಹಂಟರ್ ವಿಮಾನದಲ್ಲಿ ಪಂಜಾಬ್ ಗಡಿ ದಾಟಿದ್ದರು. ನೆಲದಿಂದ ಹಾರಿಸಿದ ಗುಂಡಿಗೆ ವಿಮಾನ ಸಿಕ್ಕಿತು. ಜಿಗಿದರು, ಬೆನ್ನುಮೂಳೆಗೆ ಪೆಟ್ಟಾಯಿತು, ಎದ್ದು ನಿಲ್ಲುವಷ್ಟರಲ್ಲಿ ಸುತ್ತ ಪಾಕಿಸ್ತಾನಿ ಸೈನಿಕರಿದ್ದರು. ಅಡ್ಡಹೆಸರು ಕೇಳಿದ ಮೇಲೆ ಇವರು ಯಾರ ಮಗ ಅನ್ನುವುದು ಗೊತ್ತಾಗಲು ತಡವಾಗಲಿಲ್ಲ. ಅಲ್ಲಿಯ ಅಧ್ಯಕ್ಷ ಅಯೂಬ್ ಖಾನ್ ಮತ್ತು ಹಿರಿಯ ಕಾರ್ಯಪ್ಪ ದೇಶ ಒಡೆಯುವ ಮೊದಲು ಒಂದೇ ಸೇನೆಯಲ್ಲಿದ್ದವರು. ಹುಡುಗ ಕ್ಷೇಮವಾಗಿದ್ದಾನೆ, ಬೇಕಾದರೆ ಬಿಡುತ್ತೇವೆ ಅನ್ನುವ ಮಾತು ಅಪ್ಪನಿಗೆ ಮುಟ್ಟಿತು. ಸೇನೆಯಿಂದ ನಿವೃತ್ತರಾಗಿ ಹನ್ನೆರಡು ವರ್ಷ ಕಳೆದಿದ್ದ ಕಾರ್ಯಪ್ಪ ಕೊಟ್ಟ ಉತ್ತರದ ಸಾರ ಇಷ್ಟು: ನನ್ನ ಮಗನಿಗೆ ಅಂತ ಬೇರೆ ಏನೂ ಬೇಡ, ನಿಮ್ಮ ಹತ್ತಿರ ಇರುವ ನಮ್ಮ ಸೈನಿಕರೆಲ್ಲ ನನ್ನ ಮಕ್ಕಳೇ, ಅವರೆಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ.

ನಾವು ಇದರಲ್ಲಿ ಅಪ್ಪನ ತ್ಯಾಗವನ್ನಷ್ಟೇ ನೋಡಿ ಕೈಮುಗಿಯುತ್ತೇವೆ. ಆ ಉತ್ತರದ ಎರಡನೇ ಭಾಗ ಒಂದು ಬೇಡಿಕೆ. ಎಲ್ಲರನ್ನೂ ನೋಡಿಕೊಳ್ಳಿ ಅಂತ ಅವರು ಕೇಳಿದರು. ಜನರಲ್ ಮಗನಿಗೆ ಸಿಗುವುದು ಸಾದಾ ಸಿಪಾಯಿಗೂ ಸಿಗಬೇಕು ಅನ್ನುವುದು ಅದರ ಅರ್ಥ. ಆಸ್ಪತ್ರೆಯಲ್ಲಿ ಮಲಗಿದ್ದ ನಂದಾ ಅವರನ್ನು ನೋಡಲು ಅಯೂಬ್ ಖಾನರ ಹೆಂಡತಿ ಮತ್ತು ಹಿರಿಮಗನೇ ಬಂದಿದ್ದರು, ಸಿಗರೇಟು ಮತ್ತು ಒಂದು ಕಾದಂಬರಿ ತಂದುಕೊಟ್ಟಿದ್ದರು. ಅದು ಮನುಷ್ಯತ್ವವೇ, ಬೈಯುವುದಕ್ಕಿಲ್ಲ. ಆದರೆ ಆಚೆ ಈಚೆ ಮಂಚಗಳಲ್ಲಿ ಯಾರಾದರೂ ರೈತರ ಮಕ್ಕಳು ಮಲಗಿದ್ದರೆ, ಅವರನ್ನು ನೋಡಲು ಯಾರು ಬರುತ್ತಿದ್ದರು? ತಾಷ್ಕೆಂಟ್ ಒಪ್ಪಂದವಾದ ಮೇಲೆ, 1966ರ ಜನವರಿ 22ರಂದು, ಸರಿಯಾಗಿ ನಾಲ್ಕು ತಿಂಗಳಿಗೆ ನಂದಾ ದೇಶಕ್ಕೆ ಮರಳಿದರು. ಮುಂದೆ ಏರ್ ಮಾರ್ಷಲ್ ಆಗಿ ನಿವೃತ್ತರಾದರು.

ಸೆರೆಯಲ್ಲಿ ದೊಡ್ಡವರು ಸಣ್ಣವರು ಅನ್ನುವ ಭೇದ ಎಲ್ಲಿಗೆ ಒಯ್ಯುತ್ತದೆ ಅನ್ನುವುದಕ್ಕೆ ಇನ್ನೂ ಐವತ್ತು ವರ್ಷ ಹಿಂದಿನ ಒಂದು ಸಂಗತಿ ಇದೆ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ನಮ್ಮ ಕಡೆಯವರಿಗೆ ಹೊಸ ಹೆಸರೇನಲ್ಲ. ಆ ರೆಜಿಮೆಂಟಿನ ಹಳೆಯ ಪಡೆಗಳಾದ 103, 110 ಮತ್ತು 117ನೇ ಮರಾಠಾ ಪಡೆಗಳು ಮೊದಲ ಮಹಾಯುದ್ಧದಲ್ಲಿ ಇಂದಿನ ಇರಾಕಿನ ಕುತ್ ಅನ್ನುವ ಊರಲ್ಲಿ ಮುತ್ತಿಗೆಗೆ ಸಿಕ್ಕವು. ಐದು ತಿಂಗಳು ಹತ್ತಿರ ಹತ್ತಿರ ಉಪವಾಸ. ಕುದುರೆ ಕಡಿದು ತಿನ್ನುವ ಕಾಲ ಬಂತು, ನಮ್ಮ ಸಿಪಾಯಿಗಳಲ್ಲಿ ಬಹಳ ಮಂದಿ ಅದನ್ನು ಮುಟ್ಟಲೇ ಇಲ್ಲ. 1916ರ ಏಪ್ರಿಲ್ 29ರಂದು ಸುಮಾರು 13,000 ಸೈನಿಕರು ತುರ್ಕರಿಗೆ ಶರಣಾದರು, ಅವರಲ್ಲಿ ಹೆಚ್ಚಿನವರು ಭಾರತೀಯರು. ಜನರಲ್ ಟೌನ್‌ಶೆಂಡ್‌ಗೆ ಇಸ್ತಾಂಬುಲ್ ಪಕ್ಕದ ದ್ವೀಪದಲ್ಲಿ ಮನೆ ಸಿಕ್ಕಿತು. ಸಿಪಾಯಿಗಳಿಗೆ ಸಿಕ್ಕಿದ್ದು ಮರುಭೂಮಿಯಲ್ಲಿ ನೂರಾರು ಮೈಲಿ ನಡಿಗೆ, ಆಮೇಲೆ ರೈಲು ಹಳಿ ಹಾಕುವ ಕೆಲಸ. ಸಾವಿರಾರು ಮಂದಿ ಮನೆಗೆ ಮರಳಲಿಲ್ಲ. ಕಾರ್ಯಪ್ಪನವರ ಉತ್ತರವನ್ನು ಇದರ ಪಕ್ಕ ಇಟ್ಟು ಓದಿ ನೋಡಿ, ತೂಕ ಬೇರೆಯೇ ಆಗುತ್ತದೆ.

ಆ ಉತ್ತರದ ಹಿಂದೆ ಕಾನೂನಿನ ಬಲವೂ ಇತ್ತು. 1949ರ ಜಿನೀವಾ ಒಪ್ಪಂದಕ್ಕೆ ಭಾರತವೂ ಸೇರಿದೆ, ಪಾಕಿಸ್ತಾನವೂ ಸೇರಿದೆ. ಅದರ ಪ್ರಕಾರ ಯುದ್ಧಕೈದಿ ಹೇಳಬೇಕಾದದ್ದು ನಾಲ್ಕೇ ವಿವರ: ಹೆಸರು, ಹುದ್ದೆ, ಹುಟ್ಟಿದ ದಿನ, ಸೇವಾ ಸಂಖ್ಯೆ. ಹೆಚ್ಚಿಗೆ ಹೇಳಿಸಲು ಹಿಂಸೆ ಕೊಡುವಂತಿಲ್ಲ. ಶಿಬಿರಕ್ಕೆ ಬಂದ ಒಂದು ವಾರದೊಳಗೆ, ನಾನು ಇಲ್ಲಿದ್ದೇನೆ ಅಂತ ಮನೆಗೆ ಕಾರ್ಡ್ ಬರೆಯಲು ಬಿಡಬೇಕು. ಆಮೇಲೂ ತಿಂಗಳಿಗೆ ಕಡಿಮೆಯೆಂದರೆ ಎರಡು ಪತ್ರ, ನಾಲ್ಕು ಕಾರ್ಡ್. ಕೈದಿಯನ್ನು ಅವಮಾನಿಸುವಂತಿಲ್ಲ, ಜನರ ಕುತೂಹಲಕ್ಕೆ ಪ್ರದರ್ಶನಕ್ಕಿಡುವಂತಿಲ್ಲ. ಕಾದಾಟ ಮುಗಿದ ಮೇಲೆ ತಡಮಾಡದೆ ಬಿಡಬೇಕು.

ಪ್ರದರ್ಶನಕ್ಕಿಡುವಂತಿಲ್ಲ ಅನ್ನುವ ಮಾತು ಮೊಬೈಲ್ ಹಿಡಿದ ನಮಗೂ ತಾಗುತ್ತದೆ. 2019ರ ಫೆಬ್ರುವರಿ 27ರಂದು ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನ್ ಸೆರೆಸಿಕ್ಕಾಗ ಅವರ ಮುಖದಲ್ಲಿ ರಕ್ತ ಸುರಿಯುತ್ತಿದ್ದ ವಿಡಿಯೊ ಬಂತು. ನಮ್ಮ ವಿದೇಶಾಂಗ ಇಲಾಖೆ ಅದನ್ನು ಅಧಿಕೃತವಾಗಿಯೇ ಖಂಡಿಸಿತು. ಅದೇ ವಿಡಿಯೊವನ್ನು ದೇಶಭಕ್ತಿಯ ಹಾಡು ಸೇರಿಸಿ ಫಾರ್ವರ್ಡ್ ಮಾಡಿದವರು ನಮ್ಮ ಮಂದಿಯೇ. ಇನ್ನೂ ಬೇಸರದ ಸಂಗತಿ ಇದೆ. ಯಾವ ಊರಿನವರು ಅಂತ ಕೇಳಿದಾಗ ದಕ್ಷಿಣದವನು ಅಂತಷ್ಟೇ ಹೇಳಿ, ಯಾವ ವಿಮಾನ ಅಂತ ಕೇಳಿದಾಗ ಹೇಳಲಾರೆ ಅಂದರು ಆ ಮನುಷ್ಯ. ಕಣ್ಣೆದುರು ಶತ್ರು ನಿಂತಾಗ ಅವರು ಬಾಯಿಬಿಡದ ಊರು, ಮನೆತನ, ಅಪ್ಪನ ಹುದ್ದೆ ಎಲ್ಲವನ್ನೂ ನಮ್ಮ ಟಿವಿಗಳು, ನಮ್ಮ ಗ್ರೂಪುಗಳು ಸಂಜೆಯೊಳಗೆ ಊರಿಗೆಲ್ಲ ಸಾರಿದ್ದವು.

ಮಾರ್ಚ್ 1ರ ರಾತ್ರಿ ಅವರು ವಾಘಾ ದಾಟಿ ಬಂದರು. ಇನ್ನೊಂದು ಪ್ರಕರಣ ನೋಡಿ. 2025ರ ಏಪ್ರಿಲ್ 23ರಂದು, ಪಹಲ್ಗಾಮ್ ದಾಳಿಯ ಮರುದಿನ, ಪಂಜಾಬ್ ಗಡಿಯಲ್ಲಿ ಬಿಎಸ್‌ಎಫ್‌ನ ಒಬ್ಬ ಜವಾನ ತಪ್ಪಿ ಆಚೆ ಕಾಲಿಟ್ಟು ಸಿಕ್ಕಿಬಿದ್ದ. ಮೂರು ವಾರ, ಮೇ 14ರವರೆಗೆ ಆಚೆಯೇ ಇದ್ದ. ನಡುವೆ ಯುದ್ಧವೇ ನಡೆದುಹೋಯಿತು. ಗರ್ಭಿಣಿ ಹೆಂಡತಿ ಬಂಗಾಳದಿಂದ ಪಂಜಾಬಿಗೆ ಹೋಗಿ ಅಧಿಕಾರಿಗಳನ್ನು ಕೇಳಬೇಕಾಯಿತು. ಆ ಜವಾನನ ಹೆಸರು ನಿಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ? ಸರ್ಕಾರ ತಾರತಮ್ಯ ಮಾಡಿತು ಅಂತ ನಾನು ಹೇಳುತ್ತಿಲ್ಲ, ಎರಡು ಸಂದರ್ಭಗಳೂ ಬೇರೆ. ತಾರತಮ್ಯ ಇದ್ದದ್ದು ನಮ್ಮ ಗಮನದಲ್ಲಿ. ಒಬ್ಬರ ಮೀಸೆಯನ್ನು ನಕಲು ಮಾಡಿ ಬಿಡಿಸಿಕೊಂಡೆವು, ಇನ್ನೊಬ್ಬನ ಹೆಸರೂ ಉಳಿಯಲಿಲ್ಲ.

1971ರದು ಇದಕ್ಕಿಂತ ಕಷ್ಟದ ಲೆಕ್ಕ. ಆ ಯುದ್ಧದಲ್ಲಿ ನಮ್ಮ ಕೈಗೆ ಸಿಕ್ಕ ಸುಮಾರು 93,000 ಪಾಕಿಸ್ತಾನಿಯರನ್ನು 1974ರ ಹೊತ್ತಿಗೆ ವಾಪಸ್ ಕಳಿಸಿದ್ದೇವೆ. ನಮ್ಮವರಲ್ಲಿ ಬರದೇ ಉಳಿದವರು 54 ಮಂದಿ ಅಂತ ದೇಶ ಇವತ್ತಿಗೂ ಮಾತಾಡುತ್ತದೆ. ನಮ್ಮಲ್ಲಿ ಯಾರೂ ಇಲ್ಲ ಅನ್ನುವುದು ಪಾಕಿಸ್ತಾನದ ಮಾತು. 2007ರಲ್ಲಿ 14 ಮಂದಿ ಬಂಧುಗಳು ಅಲ್ಲಿಯ ಜೈಲುಗಳಿಗೇ ಹೋಗಿ ಹುಡುಕಿ ಬಂದರು, ಕುರುಹು ಸಿಗಲಿಲ್ಲ. ಬದುಕಿದ್ದಾನೋ ಇಲ್ಲವೋ ಅಂತ ತಿಳಿಯದ ಮನೆಯಲ್ಲಿ ಕುಂಕುಮ ಇಡಬೇಕೋ ಅಳಿಸಬೇಕೋ ಅನ್ನುವುದನ್ನು ಯಾವ ಕಚೇರಿಯೂ ಹೇಳುವುದಿಲ್ಲ. ಕಾರ್ಯಪ್ಪನವರ ಕಥೆಗೆ ಸೆಲ್ಯೂಟ್ ಹೊಡೆಯುವ ಗ್ರೂಪುಗಳಲ್ಲಿ ಈ 54 ಮಂದಿಯ ಮಾತು ಬಂದದ್ದನ್ನು ನಾನು ಇಲ್ಲಿವರೆಗೆ ನೋಡಿಲ್ಲ.

ಇದೆಲ್ಲ ಗಡಿಯ ಮಾತು, ನಮಗೇನು ಅನ್ನಬೇಡಿ. ದೂರದ ಯುದ್ಧದಿಂದ ಸುದ್ದಿಗೆ ಕಾಯುವುದು ಅಂದರೇನು ಅನ್ನುವುದನ್ನು ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿ ಕಂಡಿದೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ತೀರಿಕೊಂಡ ತಮ್ಮೂರ ವಿದ್ಯಾರ್ಥಿಯ ದೇಹಕ್ಕಾಗಿ ಆ ಊರು ಹತ್ತಿರ ಹತ್ತಿರ ಮೂರು ವಾರ ಕಾಯಿತು. ಆ ಹುಡುಗ ಸೈನಿಕನಲ್ಲ, ಡಾಕ್ಟರಾಗಲು ಹೋದವನು. ಆದರೂ ಮನೆ ಬಾಗಿಲಲ್ಲಿ ಕ್ಯಾಮೆರಾಗಳ ಸಾಲು, ಫೋನಿನಲ್ಲಿ ನಿಜವೋ ಸುಳ್ಳೋ ತಿಳಿಯದ ಸುದ್ದಿಗಳು.

ಈಗ ನಸುಕಿನಲ್ಲಿ ನಮ್ಮ ರಸ್ತೆಗಳ ಮೇಲೆ ಓಡುವ ಹುಡುಗರನ್ನು ನೋಡಿ. ಅಗ್ನಿವೀರ್ ರ‍್ಯಾಲಿಗೆ 1.6 ಕಿ.ಮೀ. ಓಟದ ತಯಾರಿ ಮಾಡುತ್ತಾರೆ. ಅಪ್ಪ ಹೊಲದಲ್ಲೋ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲೋ ಇರುತ್ತಾನೆ. ಆ ಅಪ್ಪನಿಗೆ ಯಾವ ದೇಶದ ಅಧ್ಯಕ್ಷನೂ ಫೋನ್ ಮಾಡುವುದಿಲ್ಲ. ಅವನ ಮಗನಿಗೆ ಕಾಗದದ ಮೇಲಿನ ಹಕ್ಕೇ ಆಸರೆ. ಆ ಹಕ್ಕಿನ ಬಗ್ಗೆ ಅವನಿಗೆ ಯಾರೂ ಹೇಳಿಲ್ಲ. ಭರ್ತಿಯಾದ ಹುಡುಗನ ಮನೆಗೆ ಕನ್ನಡದಲ್ಲಿ ಒಂದು ಹಾಳೆ ಕೊಡುವುದು ಸೈನಿಕ ಕಲ್ಯಾಣ ಇಲಾಖೆಗೆ ದೊಡ್ಡ ಖರ್ಚಲ್ಲ: ಮಗನ ಸುದ್ದಿ ನಿಂತರೆ ಯಾರನ್ನು ಕೇಳಬೇಕು, ಸೆರೆಯ ಕಾರ್ಡ್ ಅಂದರೇನು, ರೆಡ್‌ಕ್ರಾಸ್ ಏನು ಮಾಡುತ್ತದೆ, ಟಿವಿಯವರು ಬಂದಾಗ ಯಾವುದನ್ನು ಹೇಳಬಾರದು. ಸನ್ಮಾನದ ದಿನ ಶಾಲು ಹೊದಿಸುವ ಪಂಚಾಯಿತಿಗಳು ಶಾಲಿನ ಜೊತೆ ಈ ಹಾಳೆಯನ್ನೂ ಕೊಡಬಹುದು.

ಹಾಳೆ ಬರುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ಮಗ, ತಮ್ಮ ಅಥವಾ ಅಳಿಯ ಪಡೆಯಲ್ಲಿದ್ದರೆ ಅವನ ಸೇವಾ ಸಂಖ್ಯೆ, ಹುದ್ದೆ, ಯೂನಿಟ್ ಮನೆಯಲ್ಲಿ ಯಾರಿಗೆ ಗೊತ್ತು ಅಂತ ಇವತ್ತು ರಾತ್ರಿ ಕೇಳಿ. ಬಹಳ ಮನೆಗಳಲ್ಲಿ ಅದು ಅವನ ಫೋನಿನಲ್ಲಿ ಮಾತ್ರ ಇರುತ್ತದೆ, ಆ ಫೋನು ಅವನ ಜೇಬಿನಲ್ಲಿ. ಒಂದು ಚೀಟಿಯಲ್ಲಿ ಬರೆದು, ರೇಷನ್ ಕಾರ್ಡ್ ಇಡುವ ಕಡೆ ಇಡಿ. ಅದರ ಫೋಟೊ ತೆಗೆದು ಗ್ರೂಪಿಗೆ ಹಾಕಬೇಡಿ.