ಹಗಲು ಲೆಕ್ಕ, ರಾತ್ರಿ ಆಟ: ಒಂದೇ ಕಂಪ್ಯೂಟರಿಗೆ ಯಾವ ಪ್ರೊಸೆಸರ್?



ಮೈಂದರ್ಗಿಯ ಕಿರಾಣಿ ವ್ಯಾಪಾರಸ್ಥರೊಬ್ಬರು ಕೇಳಿದ ಪ್ರಶ್ನೆಯನ್ನು ಈ ತಿಂಗಳ ಅಂಕಣಕ್ಕೆ ಎತ್ತಿಕೊಂಡಿದ್ದೇವೆ. ಅವರ ಅಂಗಡಿಯ ಕಂಪ್ಯೂಟರ್ ಹಳೆಯದು. ಅದರಲ್ಲಿರುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ, ಇವರದು ಏಳನೆಯದು. ಹೊಸದನ್ನು ಕೊಳ್ಳಲೇಬೇಕು, ಆದರೆ ಕೊಳ್ಳುವುದು ಒಂದೇ ಯಂತ್ರ. ಹಗಲೆಲ್ಲ ಅದರ ಮೇಲೆ ಟ್ಯಾಲಿ, ಜಿಎಸ್‌ಟಿ, ಉದ್ರಿ ಬಾಕಿಯ ಲೆಕ್ಕ. ರಾತ್ರಿ ಹನ್ನೆರಡನೆಯ ಇಯತ್ತೆಯಲ್ಲಿ ಓದುವ ಮಗನ ಕೈಗೆ. ಹೊತ್ತಿದ್ದಾಗಲೇ ಊಟ ಮುಗಿಯುವ ನಮ್ಮ ಮನೆಗಳಲ್ಲಿ ರಾತ್ರಿಯ ಹೊತ್ತು ದೊಡ್ಡದು, ಅದು ಎಲ್ಲಿ ಹೋಗುತ್ತದೆಂಬುದು ಬೇರೆ ಹೇಳಬೇಕಿಲ್ಲ.

ಮಗ ಎಎಂಡಿ ಕಂಪನಿಯ ರೈಜನ್ 5 5600ಜಿ ಬೇಕೆನ್ನುತ್ತಾನೆ. ಸೊಲ್ಲಾಪುರದ ಕಂಪ್ಯೂಟರ್ ಅಂಗಡಿಯವರು ಇಂಟೆಲ್‌ನ ಕೋರ್ ಐ5-12400 ಒಯ್ಯಿರಿ ಎನ್ನುತ್ತಾರೆ. ತಂದೆಗೆ ಇಂಟೆಲ್ ಹೆಸರು ಮೂವತ್ತು ವರ್ಷದಿಂದ ಕಿವಿಗೆ ಬಿದ್ದದ್ದು, ಎಎಂಡಿ ಎಂದರೆ ಏನೋ ಅಗ್ಗದ ಮಾಲು ಎಂಬ ಗುಮಾನಿ. ಹದಿನೈದು ದಿನದಿಂದ ತಂದೆ ಮಗನ ನಡುವೆ ಮಾತು ಬಿಗಿಯಾಗಿದೆಯಂತೆ.

ಮೊದಲು ಆ ಗುಮಾನಿಯನ್ನು ಬಗೆಹರಿಸೋಣ. ಇಂಟೆಲ್ ಆರಂಭವಾದದ್ದು 1968ರಲ್ಲಿ, ಎಎಂಡಿ 1969ರಲ್ಲಿ. ಇಬ್ಬರೂ ಅಮೆರಿಕದವರು, ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಐಬಿಎಂ ಕಂಪನಿ ತನ್ನ ಕಂಪ್ಯೂಟರಿಗೆ ಪ್ರೊಸೆಸರ್ ಕೊಳ್ಳುವಾಗ ಒಬ್ಬರನ್ನೇ ನಂಬಿ ಕೂಡಲು ಒಪ್ಪದೆ ಎರಡನೆಯ ಪೂರೈಕೆದಾರ ಬೇಕೆಂದು ಹಟ ಹಿಡಿದದ್ದರಿಂದ 1982ರಲ್ಲಿ ಇಂಟೆಲ್ ಎಎಂಡಿಯೊಡನೆ ಕರಾರು ಮಾಡಿಕೊಂಡಿತು. ಮಾಲಿಗೆ ಒಬ್ಬನೇ ಅಡತಿಯನ್ನು ನಂಬಬಾರದೆಂಬುದು ನಮ್ಮ ವ್ಯಾಪಾರಸ್ಥರಿಗೆ ಹೊಸ ಮಾತಲ್ಲ. ಇನ್ನೊಂದು ಸಂಗತಿ ನಮಗೆ ಹತ್ತಿರದ್ದು. ಪುಣೆಯಲ್ಲಿ ಹುಟ್ಟಿದ ವಿನೋದ ಧಾಮ್ ಅವರು ಇಂಟೆಲ್‌ನಲ್ಲಿ 1993ರ ಪೆಂಟಿಯಂ ಪ್ರೊಸೆಸರಿನ ಮುಂದಾಳಾಗಿದ್ದರು; ಆಮೇಲೆ ಎಎಂಡಿಗೆ ಬಂದು 1997ರ ಕೆ6 ಪ್ರೊಸೆಸರಿಗೂ ದುಡಿದರು. ಇಂದು ಎರಡೂ ಕಂಪನಿಗಳ ದೊಡ್ಡ ವಿನ್ಯಾಸ ಕೇಂದ್ರಗಳು ಬೆಂಗಳೂರಿನಲ್ಲಿವೆ. ಆದ್ದರಿಂದ ಹೆಸರು ನೋಡಿ ಒಂದನ್ನು ಅಸಲಿ, ಇನ್ನೊಂದನ್ನು ನಕಲಿ ಎನ್ನುವುದು ಸಲ್ಲದು. ತೂಕಕ್ಕೆ ಇಟ್ಟೇ ನೋಡಬೇಕು.

ರೈಜನ್ 5 5600ಜಿ ಬಿಡಿ ಮಾರಾಟಕ್ಕೆ ಬಂದದ್ದು 2021ರ ಆಗಸ್ಟಿನಲ್ಲಿ, ಐ5-12400 ಬಂದದ್ದು 2022ರ ಜನವರಿಯಲ್ಲಿ. ಇವೆರಡಕ್ಕಿಂತ ಹೊಸ ಪೀಳಿಗೆಗಳು ಬಂದಿವೆ ನಿಜ. ಆದರೆ ಹೊಸವು ಬಹುತೇಕ ಡಿಡಿಆರ್ 5 ಎಂಬ ರ‍್ಯಾಮ್ ಕೇಳುತ್ತವೆ, ಅದರ ಬೆಲೆ 2025ರ ಕೊನೆಯಲ್ಲಿ ಸಿಕ್ಕಾಪಟ್ಟೆ ಏರಿತು. ಡಿಡಿಆರ್ 4 ಕೂಡ ಏರದೆ ಉಳಿಯಲಿಲ್ಲ, ಆದರೆ ಅದು ಹಳೆಯ ಯಂತ್ರಗಳಲ್ಲಿ ಈಗಾಗಲೇ ಕೂತಿರುತ್ತದೆ. ಎಎಂಡಿಯದು ಡಿಡಿಆರ್ 4ರಲ್ಲೇ ನಡೆಯುತ್ತದೆ. ಇಂಟೆಲ್‌ನದು ಎರಡರಲ್ಲೂ ನಡೆಯುತ್ತದೆ, ಯಾವುದೆಂಬುದನ್ನು ಮದರ್‌ಬೋರ್ಡ್ ಹೇಳುತ್ತದೆ.

ಎರಡರಲ್ಲೂ ಆರು ಕೋರುಗಳು. ಗಲ್ಲೆಯ ಮುಂದೆ ಆರು ಜನ ಗುಮಾಸ್ತರು ಕೂತಿದ್ದಾರೆಂದು ತಿಳಿಯಿರಿ. ಒಬ್ಬೊಬ್ಬ ಗುಮಾಸ್ತನೂ ಎರಡೆರಡು ಕೆಲಸವನ್ನು ಕೈಯಲ್ಲಿ ಹಿಡಿಯಬಲ್ಲ, ಹೀಗೆ ಹನ್ನೆರಡು ಥ್ರೆಡ್‌ಗಳು. ಇಲ್ಲಿಯವರೆಗೆ ಸಮ. ಪೆಟ್ಟಿಗೆಯ ಮೇಲೆ ವೇಗ ನೋಡಿದರೆ ಎಎಂಡಿ 3.9 ಗಿಗಾಹರ್ಟ್ಸ್, ಇಂಟೆಲ್ 2.5 ಎಂದಿರುತ್ತದೆ, ಒತ್ತಡ ಬಿದ್ದಾಗ ಎರಡೂ 4.4ರವರೆಗೆ ಏರುತ್ತವೆ. 3.9 ದೊಡ್ಡದು, 2.5 ಸಣ್ಣದು ಎಂದು ಮಗ ತೋರಿಸಿದ್ದರೆ ಅದನ್ನು ಬಿಡಿ. ಒಂದು ಎತ್ತು ಬೇಗಬೇಗ ಹೆಜ್ಜೆ ಹಾಕಬಹುದು, ಇನ್ನೊಂದು ಉದ್ದ ಹೆಜ್ಜೆ ಹಾಕಬಹುದು. ಇಂಟೆಲ್‌ನ ಈ ಪೀಳಿಗೆಯ ಹೆಜ್ಜೆ ಉದ್ದ. ಒಬ್ಬನೇ ಗುಮಾಸ್ತ ಮಾಡುವ ಕೆಲಸದಲ್ಲಿ ಅದು ನೂರಕ್ಕೆ ಹತ್ತು ಹದಿನೈದು ಪಾಲು ಮುಂದಿರುತ್ತದೆ.

ಹಾಗಾದರೆ ಅಂಗಡಿಗೆ ಇಂಟೆಲ್ ಮೇಲೋ? ಕಾಗದದ ಮೇಲೆ ಹೌದು. ಆದರೆ ಬಿಲ್ಲು ಮಾಡುವಾಗ, ಖತಾವಣಿ ತೆಗೆಯುವಾಗ, ಜಿಎಸ್‌ಟಿ ಜಾಲತಾಣ ತೆರೆಯುವಾಗ ಆರು ಗುಮಾಸ್ತರಲ್ಲಿ ನಾಲ್ವರು ತೂಕಡಿಸುತ್ತಿರುತ್ತಾರೆ. ಬೆಂಗಳೂರಿನಲ್ಲಿ 1986ರಲ್ಲಿ ಹುಟ್ಟಿದ ಟ್ಯಾಲಿ ಕಂಪನಿಯ ಲೆಕ್ಕದ ತಂತ್ರಾಂಶ ಇವೆರಡಕ್ಕಿಂತ ಎಷ್ಟೋ ಬಡ ಯಂತ್ರಗಳಲ್ಲಿ ದಶಕಗಳ ಕಾಲ ನಡೆದುಬಂದದ್ದು. ಕಿರಾಣಿ ಅಂಗಡಿಯ ಲೆಕ್ಕಕ್ಕೆ ಈ ಎರಡು ಪ್ರೊಸೆಸರುಗಳ ನಡುವಿನ ವ್ಯತ್ಯಾಸ ಯಜಮಾನರ ಕಣ್ಣಿಗೆ ಕಾಣುವುದೇ ಇಲ್ಲ. ಕಾಣುವುದು ಎಸ್‌ಎಸ್‌ಡಿ. ತಿರುಗುವ ಹಳೆಯ ಹಾರ್ಡ್ ಡಿಸ್ಕಿನಲ್ಲಿ ಒಂದೆರಡು ನಿಮಿಷ ತೆಗೆದುಕೊಂಡು ಏಳುವ ಯಂತ್ರ ಎಸ್‌ಎಸ್‌ಡಿಯಲ್ಲಿ ಕೆಲವೇ ಸೆಕೆಂಡುಗಳಲ್ಲಿ ಏಳುತ್ತದೆ. ಮತ್ತು ಯುಪಿಎಸ್. ಟ್ಯಾಲಿ ನಡೆಯುತ್ತಿರುವಾಗ ಕರೆಂಟು ಹೋದರೆ ಲೆಕ್ಕದ ಕಡತ ಕೆಡುವ ಭಯವಿದೆ. ಪ್ರೊಸೆಸರಿನಲ್ಲಿ ಉಳಿಸಿದ ಹಣವನ್ನು ಮೊದಲು ಈ ಎರಡಕ್ಕೆ ಹಾಕಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಈಗ ಆಟದ ಮಾತು. ಇಲ್ಲಿ ಮಗನ ಮಾತಿನಲ್ಲಿ ಹುರುಳಿದೆ, ಆದರೆ ಅರ್ಧ.

ಆಟದ ಚಿತ್ರ ಬಿಡಿಸುವ ಕೆಲಸ ಪ್ರೊಸೆಸರಿನ ಗುಮಾಸ್ತರದಲ್ಲ, ಅದಕ್ಕೆ ಗ್ರಾಫಿಕ್ಸ್ ಭಾಗ ಬೇರೆಯೇ ಇರುತ್ತದೆ. ದುಡ್ಡು ಹಾಕುವವರು ಗ್ರಾಫಿಕ್ಸ್ ಕಾರ್ಡನ್ನು ಪ್ರತ್ಯೇಕವಾಗಿ ಕೊಳ್ಳುತ್ತಾರೆ. ಒಮ್ಮೊಮ್ಮೆ ಅದೊಂದರ ಬೆಲೆ ಉಳಿದ ಯಂತ್ರದ ಬೆಲೆಗೆ ಸಮವಾಗುತ್ತದೆ. ಕಾರ್ಡಿಲ್ಲದಿದ್ದರೆ ಪ್ರೊಸೆಸರಿನ ಹೊಟ್ಟೆಯೊಳಗೇ ಇರುವ ಸಣ್ಣ ಗ್ರಾಫಿಕ್ಸ್‌ನಿಂದ ನಡೆಸಬೇಕು. ಇಂಟೆಲ್ 12400ರಲ್ಲಿ ಇರುವುದು ಯುಎಚ್‌ಡಿ 730. ಲೆಕ್ಕ, ಸಿನಿಮಾ, ಮಕ್ಕಳ ಆನ್‌ಲೈನ್ ಪಾಠಕ್ಕೆ ಧಾರಾಳವಾಯಿತು. ಎಎಂಡಿ 5600ಜಿಯಲ್ಲಿ ಇರುವುದು ವೇಗಾ 7, ಇದು ಆಟದಲ್ಲಿ ಸೆಕೆಂಡಿಗೆ ಸುಮಾರು ಎರಡು ಪಟ್ಟು ಚಿತ್ರಗಳನ್ನು ಬಿಡಿಸುತ್ತದೆ. ಸೆಕೆಂಡಿಗೆ 60 ಚಿತ್ರ ಬಂದರೆ ಆಟ ನೀರಿನಂತೆ ಹರಿಯುತ್ತದೆ, 30ಕ್ಕೆ ಇಳಿದರೆ ಎಳೆದಾಡಿದಂತೆ ಕಾಣುತ್ತದೆ; ಆದ್ದರಿಂದ ಎರಡು ಪಟ್ಟು ಎಂಬುದು ಸಣ್ಣ ಮಾತಲ್ಲ. ವ್ಯಾಲರಂಟ್, ಜಿಟಿಎ 5 ಇಂಥ ಆಟಗಳನ್ನು 5600ಜಿ ಕಾರ್ಡಿಲ್ಲದೆಯೇ ಚೆನ್ನಾಗಿ ಆಡಿಸುತ್ತದೆ. ಸೈಬರ್‌ಪಂಕ್ 2077ರಂಥ ಭಾರಿ ಆಟಕ್ಕೆ ಅದೂ ಏದುಸಿರು ಬಿಡುತ್ತದೆ.

ಇಲ್ಲಿ ಒಂದು ಗುಟ್ಟಿದೆ, ಮಾರುವವರು ಅನೇಕರು ಹೇಳುವುದಿಲ್ಲ. ಈ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ನೆನಪಿಲ್ಲ, ಯಂತ್ರದ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ರ‍್ಯಾಮ್ ಒಂದೇ ಪಟ್ಟಿ ಇದ್ದರೆ ಒಂದೇ ಬಾಗಿಲಿನ ಗೋದಾಮಿದ್ದಂತೆ: ಹಮಾಲರು ಎಷ್ಟು ಜನರಿದ್ದರೇನು, ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲಬೇಕು. 16 ಜಿಬಿಯ ಒಂದು ಪಟ್ಟಿಯ ಬದಲು 8 ಜಿಬಿಯ ಎರಡು ಪಟ್ಟಿ ಹಾಕಿದರೆ ಎರಡು ಬಾಗಿಲು ತೆರೆದಂತೆ. ಒಂದೇ ಪಟ್ಟಿ ಹಾಕಿಸಿಕೊಂಡ 5600ಜಿ ಅನೇಕ ಆಟಗಳಲ್ಲಿ ತನ್ನ ಶಕ್ತಿಯ ಮೂರನೆಯ ಒಂದು ಪಾಲನ್ನೇ ಕಳೆದುಕೊಳ್ಳುತ್ತದೆ. ಹಾಗೆಯೇ ರ‍್ಯಾಮಿನ ವೇಗ 3200 ಇರಲಿ. ಹಳೆಯ ಯಂತ್ರದಿಂದ ಕಿತ್ತ 2400 ವೇಗದ ಡಿಡಿಆರ್ 4 ಪಟ್ಟಿಗಳು ಲೆಕ್ಕಕ್ಕೆ ಸಾಕು, ವೇಗಾ 7ಕ್ಕೆ ಸಾಲವು. ಮೈಂದರ್ಗಿಯವರ ಹಳೆಯ ಯಂತ್ರ ಏಳನೆಯ ಪೀಳಿಗೆಯದಾದ್ದರಿಂದ ಅದರಲ್ಲಿ ಡಿಡಿಆರ್ 4 ಇರುವ ಸಂಭವ ಹೆಚ್ಚು, ಬಿಚ್ಚಿಸಿ ನೋಡಲಿ. ಇಂಟೆಲ್ ಕೊಂಡು ಆಟ ಬೇಡವೆಂದರೆ ಅಷ್ಟು ಖರ್ಚು ಉಳಿಯಿತು.

ಕಾರ್ಡು ಕೊಳ್ಳುವುದಾದರೆ ತಕ್ಕಡಿ ಇನ್ನೊಂದು ಕಡೆ ವಾಲುತ್ತದೆ. ಆಗ ವೇಗಾ 7ಕ್ಕೆ ಕೆಲಸವೇ ಇಲ್ಲ, ಅದಕ್ಕಾಗಿ ಕೊಟ್ಟ ಹಣ ಮೂಲೆಗೆ. ಉದ್ದ ಹೆಜ್ಜೆಯ ಇಂಟೆಲ್ ಮುಂದಾಗುತ್ತದೆ. ಅದಲ್ಲದೆ ಕಾರ್ಡಿಗೂ ಪ್ರೊಸೆಸರಿಗೂ ನಡುವಿನ ದಾರಿ 5600ಜಿಯಲ್ಲಿ ಹಳೆಯ ಪಿಸಿಐಇ 3, ಇಂಟೆಲ್‌ನಲ್ಲಿ ಅದಕ್ಕಿಂತ ಅಗಲ. ದೊಡ್ಡ ಕಾರ್ಡುಗಳಿಗೆ ಇದರಿಂದ ಹೆಚ್ಚು ತೊಂದರೆಯಿಲ್ಲ. ಎಎಂಡಿಯದೇ ಆದ ಆರ್‌ಎಕ್ಸ್ 6500 ಎಕ್ಸ್‌ಟಿಯಂಥ ಅಗ್ಗದ ಕಾರ್ಡಿಗೆ ನಾಲ್ಕೇ ಸಾಲಿನ ದಾರಿ ಇರುವುದರಿಂದ ಹಳೆಯ ದಾರಿಯಲ್ಲಿ ಅದು ಎದ್ದು ಕಾಣುವಷ್ಟು ಸೊರಗುತ್ತದೆ.

ಹೀಗಿರಲಾಗಿ ತಂದೆ ಮಗ ಕೂತು ಬಗೆಹರಿಸಬೇಕಾದದ್ದು ಇಂಟೆಲ್ಲೋ ಎಎಂಡಿಯೋ ಎಂಬುದನ್ನಲ್ಲ, ಕಾರ್ಡು ಕೊಳ್ಳುವುದೋ ಇಲ್ಲವೋ ಎಂಬುದನ್ನು. ಪರೀಕ್ಷೆ ಮುಗಿದ ಮೇಲೆ ನೋಡೋಣ ಎಂದು ಯಜಮಾನರು ಹೇಳಿರಬಹುದು. ವ್ಯಾಪಾರದ ಮನೆಗಳಲ್ಲಿ 'ನೋಡೋಣ' ಎಂಬ ಮಾತಿಗೆ ಏನರ್ಥವೆಂದು ಮಕ್ಕಳಿಗೆ ಚೆನ್ನಾಗಿ ಗೊತ್ತು. ತಾರೀಖು, ಮೊತ್ತ ಎರಡನ್ನೂ ಹೇಳಿ ಒಂದು ವರ್ಷದೊಳಗೆ ಕಾರ್ಡು ಕೊಡಿಸುವುದಾದರೆ ಐ5-12400 ಒಯ್ಯಿರಿ. ಹಾಗಲ್ಲ, ಯಂತ್ರ ಇದ್ದ ಹಾಗೇ ನಾಲ್ಕೈದು ವರ್ಷ ನಡೆಯಬೇಕೆಂದಾದರೆ ಎರಡು ಪಟ್ಟಿ ರ‍್ಯಾಮಿನೊಡನೆ 5600ಜಿ ಒಯ್ಯಿರಿ. ಲೆಕ್ಕಕ್ಕೆ ನಷ್ಟವಿಲ್ಲ, ಮಗನಿಗೆ ಲಾಭವಿದೆ. ಗುಂಡು ಹಾರಿಸುವ, ಹೊಡೆದು ಕೊಲ್ಲುವ ಆಟಗಳು ನಮ್ಮ ಮನೆಯಲ್ಲಿ ಇರಬೇಕೋ ಬೇಡವೋ ಎಂಬುದನ್ನೂ ಅದೇ ಕೂಟದಲ್ಲಿ ಮಾತಾಡಿಕೊಳ್ಳಿ. ಪ್ರೊಸೆಸರನ್ನು ಕಡಿಮೆಯದು ಕೊಂಡರೆ ಆ ಪ್ರಶ್ನೆ ತಪ್ಪಿಹೋಗುತ್ತದೆಂದು ತಿಳಿಯುವುದು ಸರಿಯಲ್ಲ, ಅಂಥ ಆಟಗಳು ಮೊಬೈಲಿನಲ್ಲೂ ಇವೆ.

ಕೊಳ್ಳುವಾಗ ಹೆಸರಿನ ಕೊನೆಯ ಅಕ್ಷರದ ಮೇಲೆ ಕಣ್ಣಿರಲಿ. 12400 ಬೇರೆ, 12400ಎಫ್ ಬೇರೆ. ಎಫ್ ಇದ್ದದ್ದು ಸ್ವಲ್ಪ ಅಗ್ಗ, ಏಕೆಂದರೆ ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಕಾರ್ಡಿಲ್ಲದೆ ಮನೆಗೆ ತಂದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಎಎಂಡಿಯಲ್ಲಿ ತಿರುಗುಮುರುಗು: ಜಿ ಇದ್ದದ್ದಕ್ಕೆ ಗ್ರಾಫಿಕ್ಸ್ ಉಂಟು, ಬರೀ 5600ಕ್ಕೆ ಇಲ್ಲ. ಆದರೆ ಆ ಬರೀ 5600ರಲ್ಲಿ ಕ್ಯಾಶ್ ಎಂಬ ಒಳ ನೆನಪು 32 ಎಂಬಿ, 5600ಜಿಯಲ್ಲಿ 16 ಮಾತ್ರ. ಕ್ಯಾಶ್ ಎಂದರೆ ಗೋದಾಮಿಗೆ ಓಡದೆ ಕೈಗೆ ಸಿಗುವ ಗಲ್ಲೆಯ ಪಕ್ಕದ ಕಪಾಟು. ಆದ್ದರಿಂದ ಕಾರ್ಡು ಹಾಕುವವರಿಗೆ ಜಿ ಇಲ್ಲದ 5600 ಒಳ್ಳೆಯ ಮಾಲು. 12400ರ ಕಪಾಟು 18 ಎಂಬಿ.

ನಮ್ಮ ಕಡೆಯ ಬಿಸಿಲಿನ ಮಾತೂ ಬೇಕು. ಸೊಲ್ಲಾಪುರ, ಅಕ್ಕಲಕೋಟದ ಕಡೆ ಬೇಸಿಗೆಯಲ್ಲಿ ಪಾರೆ 40 ಡಿಗ್ರಿ ದಾಟುವುದು ಪ್ರತಿ ವರ್ಷದ ಸಂಗತಿ. ಎರಡಕ್ಕೂ 65 ವಾಟ್ ಎಂದು ಬರೆದಿದ್ದರೂ ಒತ್ತಡ ಬಿದ್ದಾಗ 12400 ಗರಿಷ್ಠ 117 ವಾಟ್‌ವರೆಗೆ, 5600ಜಿ ಸುಮಾರು 88ರವರೆಗೆ ಎಳೆಯಬಹುದು. ಲೆಕ್ಕ ಮಾಡುವಾಗ ಇದರ ಹತ್ತಿರಕ್ಕೂ ಹೋಗುವುದಿಲ್ಲ. ಪೆಟ್ಟಿಗೆಯಲ್ಲೇ ಬರುವ ಫ್ಯಾನು ಎರಡಕ್ಕೂ ಸಾಕು, ಆದರೆ ಕಿರಾಣಿ ಅಂಗಡಿಯ ಹಿಟ್ಟು, ಖಾರದ ಪುಡಿ, ಚೀಲದ ದೂಳು ಅದರ ರೆಕ್ಕೆಗೆ ಮೆತ್ತಿಕೊಳ್ಳುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಯಂತ್ರ ಬಂದ್ ಮಾಡಿ ಊದಿ ತೆಗೆಯಬೇಕು. ಯಂತ್ರವನ್ನು ಸಕ್ಕರೆ ಚೀಲಗಳ ನಡುವೆ ಒತ್ತರಿಸಿ ಇಡಬೇಡಿ.

ಒಂದೇ ಯಂತ್ರದಲ್ಲಿ ಲೆಕ್ಕವೂ ಆಟವೂ ಇರುವಾಗ ನಿಜವಾದ ಅಪಾಯ ಪ್ರೊಸೆಸರಿನದಲ್ಲ, ಕದ್ದ ಆಟಗಳದು. ಹಣ ಕೊಡದೆ ಇಳಿಸಿಕೊಳ್ಳುವ ಆಟಗಳ ಜೊತೆ ಬರುವ ವೈರಸ್ ಇಡೀ ವರ್ಷದ ಖಾತೆ ಕಿರ್ದಿಗೆ ಬೀಗ ಹಾಕಿ, ಬೀಗ ತೆಗೆಯಲು ಹಣ ಕೇಳಬಹುದು. ವಿಂಡೋಸಿನಲ್ಲಿ ಮಗನಿಗೆ ಬೇರೆ ಖಾತೆ ತೆರೆದು ಕೊಡಿ, ಹೊಸ ತಂತ್ರಾಂಶ ಹಾಕುವ ಅಧಿಕಾರದ ಪಾಸ್‌ವರ್ಡ್ ಯಜಮಾನರ ಬಳಿ ಇರಲಿ. ದಿನವೂ ಗಲ್ಲೆ ಮುಚ್ಚುವಾಗ ಟ್ಯಾಲಿಯ ಬ್ಯಾಕಪ್ಪನ್ನು ಹೊರಗಿನ ಡಿಸ್ಕಿಗೆ ತೆಗೆದು, ಆ ಡಿಸ್ಕನ್ನು ಯಂತ್ರದಿಂದ ಕಿತ್ತು ತಿಜೋರಿಯಲ್ಲಿಡಿ. ಚುಚ್ಚಿದಲ್ಲೇ ಬಿಟ್ಟರೆ ಬೀಗ ಅದಕ್ಕೂ ಬೀಳುತ್ತದೆ.

ಇನ್ನು ಬಿಲ್ಲು. ಕಂಪ್ಯೂಟರಿಗೆ ಜಿಎಸ್‌ಟಿ ನೂರಕ್ಕೆ 18. ಅಂಗಡಿಯ ಜಿಎಸ್‌ಟಿ ನಂಬರು ಹಾಕಿಸಿ ಪಕ್ಕಾ ಬಿಲ್ಲು ತಂದರೆ ಆ ತೆರಿಗೆಯನ್ನು ವಜಾ ಪಡೆಯಬಹುದು, ಆದರೆ ವ್ಯಾಪಾರಕ್ಕೆ ಬಳಸಿದಷ್ಟು ಪಾಲಿಗೆ ಮಾತ್ರ. ಆಟಕ್ಕೆಂದೇ ಕೊಂಡ ಗ್ರಾಫಿಕ್ಸ್ ಕಾರ್ಡನ್ನು ಅಂಗಡಿಯ ಖಾತೆಗೆ ಬರೆಯುವುದು ಕಾನೂನಿಗೂ ಒಪ್ಪದು, ನಮಗೂ ಒಪ್ಪದು. ಅದನ್ನು ಮನೆಯ ಹೆಸರಿನಲ್ಲಿ ಬೇರೆ ಬಿಲ್ಲು ಮಾಡಿಸಿ. ಪೆಟ್ಟಿಗೆಯಲ್ಲಿ ಬಂದ ಪ್ರೊಸೆಸರಿಗೆ ಎರಡೂ ಕಂಪನಿಗಳದು ಮೂರು ವರ್ಷದ ವಾರಂಟಿ, ಅದಕ್ಕೂ ಇದೇ ಬಿಲ್ಲೇ ಆಧಾರ. ಸ್ವಲ್ಪ ಅಗ್ಗವೆಂದು ಪೆಟ್ಟಿಗೆಯಿಲ್ಲದೆ ಬಿಡಿಯಾಗಿ ಕೊಡುವುದನ್ನು ಒಯ್ಯಬೇಡಿ. ಬಿಲ್ಲಿನ ಮೇಲೆ 'ಐ5' ಅಥವಾ 'ರೈಜನ್ 5' ಎಂದಷ್ಟೇ ಬರೆದಿದ್ದರೆ ವಾಪಸು ಕೊಟ್ಟು, ಪೂರ್ತಿ ನಂಬರನ್ನು ಅಕ್ಷರ ಸಮೇತ ಬರೆಸಿಕೊಂಡು ಆಮೇಲೆ ಹಣ ಎಣಿಸಿ.