ಅಂದು ಇನ್‌ಲ್ಯಾಂಡ್ ಪತ್ರ, ಇಂದು ಕಂಪ್ಯೂಟರ್

ತವರಿನಿಂದ ಬಂದ ಇನ್‌ಲ್ಯಾಂಡ್ ಪತ್ರವನ್ನು ಅತ್ತೆಯೋ ಗಂಡನೋ ಮೊದಲು ಒಡೆದು ಓದಿ, ಆಮೇಲೆ ಸೊಸೆಯ ಕೈಗೆ ಕೊಡುತ್ತಿದ್ದ ಮನೆಗಳನ್ನು ನಮ್ಮಲ್ಲಿ ವಯಸ್ಸಾದವರೆಲ್ಲ ಕಂಡಿದ್ದೇವೆ. ಸೊಸೆ ಬರೆದ ಪತ್ರವೂ ಮನೆಯವರ ಕಣ್ಣು ದಾಟದೆ ಅಂಚೆ ಡಬ್ಬ ಸೇರುತ್ತಿರಲಿಲ್ಲ. ಹಾಗಾಗಿ ಎಷ್ಟೋ ಹೆಣ್ಣುಮಕ್ಕಳು ಏಟು ತಿಂದ ದಿನವೂ "ನಾನಿಲ್ಲಿ ಕ್ಷೇಮ" ಎಂದೇ ಬರೆದರು. ಆ ಕ್ಷೇಮದ ಪತ್ರ ತಾಯಿಯ ಕೈಯಲ್ಲಿರುವಾಗಲೇ "ಸ್ಟವ್ ಸಿಡಿದು ಸೊಸೆ ಸಾವು" ಎಂಬ ಸುದ್ದಿ ಬಂದದ್ದೂ ಉಂಟು.

ಈಗ ಪತ್ರ ಹೋಗಿ ಮೊಬೈಲ್ ಬಂದಿದೆ, ಮಕ್ಕಳ ಓದಿಗೆಂದು ಮನೆಯ ಮೂಲೆಯಲ್ಲಿ ಕಂಪ್ಯೂಟರ್ ಬಂದಿದೆ. ಆದರೆ ಪತ್ರ ಒಡೆಯುವ ಆ ಕೈ ಎಲ್ಲಿಗೂ ಹೋಗಿಲ್ಲ. ಅದು ಯಂತ್ರದೊಳಗೆ ಸೇರಿಕೊಂಡಿದೆ.

ನಮ್ಮ ಬಳಿ ಸಲಹೆಗೆಂದು ಬಂದಿದ್ದ ಒಬ್ಬ ಸೋದರಿಯ ವಿಷಯ ಹೇಳುತ್ತೇನೆ. ಮದುವೆಯಲ್ಲಿ ತವರಿನವರು ಕೊಟ್ಟ ಚಿನ್ನ, ನಗದು, ಪಾತ್ರೆಗಳ ಪಟ್ಟಿಯನ್ನು ಆಕೆ ಮನೆಯ ಕಂಪ್ಯೂಟರಿನಲ್ಲೇ ಬರೆದು ಅಣ್ಣನಿಗೆ ಮಿಂಚಂಚೆಯಲ್ಲಿ ಕಳಿಸಿದ್ದಳು. ಮರುದಿನ ಸಂಜೆ ಗಂಡ ಆ ಪಟ್ಟಿಯನ್ನು ಅದೇ ಸಾಲಿನಲ್ಲಿ ಒಂದೊಂದಾಗಿ ಹೇಳಿ ನಕ್ಕ. ಆಕೆ ಯಂತ್ರವನ್ನು ಅನುಮಾನಿಸಲಿಲ್ಲ, ಅಣ್ಣನನ್ನು ಅನುಮಾನಿಸಿದಳು. ಅವನೇ ಭಾವನಿಗೆ ಹೇಳಿರಬೇಕು ಎಂದುಕೊಂಡು ಮೂರು ತಿಂಗಳು ಅವನೊಡನೆ ಮಾತು ಬಿಟ್ಟಳು. ಬೇಹುಗಾರಿಕೆಯ ಮೊದಲ ಹಾನಿ ಇದೇ. ಹೆಣ್ಣಿಗೆ ಆಸರೆಯಾಗಬಲ್ಲವರನ್ನೇ ಅವಳು ನಂಬದ ಹಾಗೆ ಮಾಡುತ್ತದೆ.

ಎರಡನೆಯ ಹಾನಿಯನ್ನು ಮಾಡಿದವರು ನಾವೇ. ಸಂಗತಿ ಗೊತ್ತಾದ ಕೂಡಲೇ, ಗಂಡ ಮನೆಯಲ್ಲಿಲ್ಲದ ಹೊತ್ತು ನೋಡಿ, ಪರಿಚಯದ ಕಂಪ್ಯೂಟರ್ ಅಂಗಡಿಯ ಹುಡುಗನನ್ನು ಕಳಿಸಿದೆವು. ಅವನು ಕದ್ದು ನೋಡುವ ತಂತ್ರಾಂಶವನ್ನು ಹುಡುಕಿ ಅಳಿಸಿ ಹಾಕಿದ. ನಾವು ಸಂತೋಷಪಟ್ಟೆವು. ತನ್ನ ಮೊಬೈಲಿಗೆ ಬರುತ್ತಿದ್ದ ಚಿತ್ರಗಳು ಒಮ್ಮೆಲೇ ನಿಂತಿದ್ದನ್ನು ಕಂಡ ಗಂಡ ಆ ರಾತ್ರಿಯೇ ಅವಳನ್ನು ಹೊಡೆದ. ಠಾಣೆಗೆ ಹೋದಾಗ ತೋರಿಸಲು ಸಾಕ್ಷಿಯೂ ಉಳಿದಿರಲಿಲ್ಲ, ಅದನ್ನು ನಾವೇ ಒರೆಸಿ ಹಾಕಿದ್ದೆವು. ಈ ತಪ್ಪು ಬೇರೆ ಸಂಘಗಳಲ್ಲಿ ಆಗಬಾರದೆಂದೇ ಇದನ್ನು ಬರೆಯುತ್ತಿದ್ದೇನೆ.

ಈ ಬೇಹು ತಂತ್ರಾಂಶ ಮಾಡುವ ಕೆಲಸವೇನು? ನಾವು ಒತ್ತುವ ಪ್ರತಿ ಕೀಲಿಯನ್ನೂ ಬರೆದಿಟ್ಟುಕೊಳ್ಳುತ್ತದೆ. ಪರದೆಯ ಚಿತ್ರವನ್ನು ಆಗಾಗ ತೆಗೆದು ಇಂಟರ್‌ನೆಟ್ ಮೂಲಕ ಅದನ್ನು ಹಾಕಿದವನಿಗೆ ತಲುಪಿಸುತ್ತದೆ. ಗೊತ್ತಿಲ್ಲದ ಮಿಂಚಂಚೆಯ ಕಡತ ತೆರೆದಾಗಲೋ, ಪುಕ್ಕಟೆ ಸಿಕ್ಕ ಕದ್ದ ತಂತ್ರಾಂಶ ಹಾಕಿಕೊಂಡಾಗಲೋ ಇಂಥವು ಒಳಗೆ ಬರುವುದುಂಟು. ಆದರೆ ಮನೆಯೊಳಗಿನ ಬೇಹಿಗೆ ಅಷ್ಟೆಲ್ಲ ಬೇಕಿಲ್ಲ. ನೀವು ಅಡುಗೆಮನೆಯಲ್ಲಿರುವಾಗ ಕೆಲವು ನಿಮಿಷ ಯಂತ್ರದ ಮುಂದೆ ಕುಳಿತರೆ ಸಾಕು. ಕೀಬೋರ್ಡಿನ ತಂತಿಗೂ ಯಂತ್ರಕ್ಕೂ ನಡುವೆ ಸಿಕ್ಕಿಸುವ, ಹೆಬ್ಬೆರಳಿನಷ್ಟು ಚಿಕ್ಕ ಉಪಕರಣವೂ ಇದೆ. ಅದನ್ನು ಯಾವ ವೈರಸ್ ನಿರೋಧಕವೂ ಹಿಡಿಯಲಾರದು, ಹಿಂದೆ ಕೈಯಾಡಿಸಿ ಕಣ್ಣಿನಿಂದಲೇ ನೋಡಬೇಕು.

ಎಷ್ಟೋ ಸಲ ತಂತ್ರಾಂಶವೇ ಇರುವುದಿಲ್ಲ. ಗುಪ್ತಪದ ಅವನಿಗೆ ಗೊತ್ತಿರುತ್ತದೆ, ಅಷ್ಟೇ. ನಿಮ್ಮ ಮಿಂಚಂಚೆ ಅವನ ಮೊಬೈಲಿನಲ್ಲೂ ತೆರೆದಿರುತ್ತದೆ. ನಿಮ್ಮ ವಾಟ್ಸಾಪ್ ಮನೆಯ ಕಂಪ್ಯೂಟರಿಗೆ ಜೋಡಿಸಲ್ಪಟ್ಟಿರುತ್ತದೆ. ವಾಟ್ಸಾಪಿನ "ಲಿಂಕ್ಡ್ ಡಿವೈಸಸ್" ಎಂಬಲ್ಲಿ, ಗೂಗಲ್ ಖಾತೆಯ ಭದ್ರತೆ ವಿಭಾಗದಲ್ಲಿ ಯಾವ ಯಾವ ಯಂತ್ರಗಳಲ್ಲಿ ನಿಮ್ಮ ಖಾತೆ ತೆರೆದಿದೆ ಎಂಬ ಪಟ್ಟಿ ಸಿಗುತ್ತದೆ.

ಹಾಗಾದರೆ ಅನುಮಾನ ಬಂದಾಗ ಏನು ಮಾಡಬೇಕು? ಮೊದಲು ಕೈ ಕಟ್ಟಿ ಯೋಚಿಸಬೇಕು. ಆ ಯಂತ್ರದಲ್ಲಿ "ಬೇಹು ತಂತ್ರಾಂಶ ತೆಗೆಯುವುದು ಹೇಗೆ" ಎಂದು ಹುಡುಕಿದರೆ ಅದೂ ಅವನಿಗೆ ಕಾಣುತ್ತದೆ. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿ ನೋಡಿದ್ದರ ಪಟ್ಟಿಯನ್ನು ಬ್ರೌಸರಿನಲ್ಲಿ ಉಳಿಸುವುದಿಲ್ಲ, ಅಷ್ಟೇ. ಪರದೆಯನ್ನೇ ಚಿತ್ರ ತೆಗೆಯುವ ತಂತ್ರಾಂಶದ ಮುಂದೆ ಅದರಿಂದ ಏನೂ ಪ್ರಯೋಜನವಿಲ್ಲ. ಹಾಗೆಂದು ಕಂಪ್ಯೂಟರ್ ಬಳಸುವುದನ್ನು ಒಮ್ಮೆಲೇ ನಿಲ್ಲಿಸಲೂಬಾರದು. ಅಡುಗೆ, ಮಕ್ಕಳ ಪಾಠ, ಹಾಡು ಎಲ್ಲ ಎಂದಿನಂತೆ ಅಲ್ಲೇ ನಡೆಯಲಿ. ಸಲಹಾ ಕೇಂದ್ರ, ವಕೀಲರು, ತವರು, ಬ್ಯಾಂಕು, ಇವುಗಳ ವ್ಯವಹಾರ ಮಾತ್ರ ಅವನ ಕೈ ಮುಟ್ಟದ ಬೇರೆ ಯಂತ್ರದಲ್ಲಿ ನಡೆಯಲಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಅದನ್ನು ಬಳಸಬಹುದು. ಗೆಳತಿಯ ಮೊಬೈಲ್ ಆದೀತು. ಕೆಲಸ ಮುಗಿದ ಮೇಲೆ ಖಾತೆಯಿಂದ ಹೊರಬರುವುದನ್ನು ಮರೆಯಬಾರದು.

ಆ ಬೇರೆ ಯಂತ್ರದಲ್ಲಿ ಹೊಸ ಮಿಂಚಂಚೆ ಖಾತೆ ತೆರೆಯಿರಿ. ಮಕ್ಕಳ ಹೆಸರು, ಮದುವೆಯ ದಿನ ಗುಪ್ತಪದ ಆಗಬಾರದು. ಮನೆಯ ಯಂತ್ರದಲ್ಲಿ ಈ ಖಾತೆಯನ್ನು ಒಮ್ಮೆಯೂ ತೆರೆಯಬೇಡಿ. ಹಳೆಯ ಖಾತೆಯ ಗುಪ್ತಪದ ಬದಲಿಸಿದರೆ, ಬೇರೆ ಯಂತ್ರಗಳನ್ನು ಅದರಿಂದ ಹೊರಹಾಕಿದರೆ ಅವನಿಗೆ ತಿಳಿಯುತ್ತದೆ. ಆದ್ದರಿಂದ ಅದನ್ನು ಯಾವಾಗ ಮಾಡಬೇಕೆಂಬುದು ನಿಮ್ಮ ಸುರಕ್ಷತೆಯ ಲೆಕ್ಕಾಚಾರ. ಮನೆ ಬಿಟ್ಟು ಬರುವ ಯೋಚನೆಯಿದ್ದರೆ ಬಂದ ಮೇಲೆಯೇ ಮಾಡುವುದು ಲೇಸು.

ಎರಡನೆಯದು ಸಾಕ್ಷಿ. ಪರದೆಯ ಮೇಲೆ ಅನುಮಾನದ ತಂತ್ರಾಂಶದ ಹೆಸರು ಕಂಡರೆ ಬೇರೊಬ್ಬರ ಮೊಬೈಲಿನಲ್ಲಿ ಅದರ ಫೋಟೊ ತೆಗೆಸಿ ಅವರ ಬಳಿಯೇ ಇಡಿಸಿ. ಅವನು ಯಾವ ದಿನ, ಯಾವ ಮಾತನ್ನು ತಿಳಿದುಕೊಂಡು ಆಡಿದ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ಸಂಘದಲ್ಲಿಡಿ. ದೂರು ಕೊಡುವ ಮನಸ್ಸಿದ್ದರೆ ತಂತ್ರಾಂಶ ಅಳಿಸುವ ಮೊದಲೇ ದೂರು ಆಗಲಿ.

ಅಳಿಸುವುದು ಕೊನೆಯ ಕೆಲಸ. ಅವನು ಮತ್ತೆ ಆ ಯಂತ್ರದ ಮುಂದೆ ಕೂರುವ ಹಾಗಿದ್ದರೆ ಇವತ್ತು ತೆಗೆದದ್ದು ನಾಳೆ ಮತ್ತೆ ಬರುತ್ತದೆ. ಯಂತ್ರ ನಿಮ್ಮದೇ ಆದ ಮೇಲೆ, ಫೋಟೊ ಮತ್ತು ಕಾಗದಪತ್ರಗಳನ್ನು ಮಾತ್ರ ಪೆನ್ ಡ್ರೈವಿಗೆ ಹಾಕಿಕೊಂಡು, ವಿಂಡೋಸನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿಸುವುದೇ ನಂಬಿಕೆಯ ದಾರಿ. ಅದು ಆಗದಿದ್ದರೆ ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್‌ನಿಂದ ಪೂರ್ಣ ತಪಾಸಣೆ, ಆಫ್‌ಲೈನ್ ತಪಾಸಣೆ ಎರಡನ್ನೂ ಮಾಡಿಸಿ. "ಇದನ್ನು ಮುಟ್ಟಬೇಡ" ಎಂದು ಡಿಫೆಂಡರಿಗೆ ಹೇಳಿಡುವ ವಿನಾಯಿತಿ ಪಟ್ಟಿಯೊಂದು ಅದರಲ್ಲಿದೆ. ಬೇಹು ಹಾಕುವವರು ಅಲ್ಲೇ ಅಡಗಿಸುವುದುಂಟು, ಅದನ್ನೂ ನೋಡಿಸಿ. ಬ್ರೌಸರಿನಲ್ಲಿ ನೀವು ಹಾಕಿಕೊಳ್ಳದ ಎಕ್ಸ್‌ಟೆನ್ಶನ್‌ಗಳನ್ನು ತೆಗೆಯಿರಿ, ಗುಪ್ತಪದಗಳನ್ನು ಅದರಲ್ಲಿ ಉಳಿಸಬೇಡಿ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರದಲ್ಲಿ ಹಣದ ವ್ಯವಹಾರ ಮಾಡುವಾಗ ಇದು ನೆನಪಿರಲಿ. ಮಿಂಚಂಚೆಗೆ, ವಾಟ್ಸಾಪಿಗೆ ಎರಡು ಹಂತದ ಪರಿಶೀಲನೆ ಹಾಕಿಸಿ. ಮಿಂಚಂಚೆಯ ಪರಿಶೀಲನಾ ಸಂಖ್ಯೆ ನಿಮ್ಮ ಕೈಯಲ್ಲಿರುವ ಮೊಬೈಲಿಗೇ ಬರಬೇಕು.

ಇಷ್ಟೆಲ್ಲ ಹೇಳಿದಾಗ ನಮ್ಮ ಸಭೆಗಳಲ್ಲೇ ಒಂದು ಮಾತು ಬರುತ್ತದೆ: "ಗಂಡ ಹೆಂಡತಿ ನಡುವೆ ಮುಚ್ಚಿಡುವುದು ಏನಿದೆ? ತಪ್ಪು ಮಾಡದವಳಿಗೆ ಭಯವೇಕೆ?" ಇನ್‌ಲ್ಯಾಂಡ್ ಒಡೆದ ಅತ್ತೆಯೂ ಇದನ್ನೇ ಹೇಳುತ್ತಿದ್ದಳು. ಮುಚ್ಚಿಡುವುದು ಏನೂ ಇಲ್ಲವೆಂದಾದರೆ ಅವನ ಮೊಬೈಲಿಗೆ ಬೀಗವೇಕೆ? ಇವಳ ಸಂಬಳದ ಖಾತೆಯ ಗುಪ್ತಪದ ಅವನ ಕೈಯಲ್ಲಿದೆ, ಅವನ ಸಂಬಳ ಎಷ್ಟೆಂಬುದೇ ಇವಳಿಗೆ ಗೊತ್ತಿಲ್ಲ. ಇದನ್ನು ನಂಬಿಕೆ ಎನ್ನಲಾಗದು, ಇದು ಕಾವಲು. ವರದಕ್ಷಿಣೆ ಕೇಳುವ ಮನೆಗೆ ಈ ಕಾವಲು ಬೇಕೇ ಬೇಕು. ಹೆಣ್ಣು ಯಾರಿಗೆ ಏನು ಹೇಳಿದಳು ಎಂಬುದು ತಿಳಿಯುತ್ತಿದ್ದರೆ ಅವಳ ಬಾಯಿ ಮುಚ್ಚಿಸುವುದು ಸುಲಭ.

ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ತಾಳಿ ಕಟ್ಟಿಸಿಕೊಂಡ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ. ಹೆಣ್ಣಿನ ಇಂಟರ್‌ನೆಟ್, ಮಿಂಚಂಚೆ ಬಳಕೆಯ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಅಪರಾಧ. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಸಜೆ. ಗಂಡನಿಗೆ ವಿನಾಯಿತಿ ಎಂದು ಅದರಲ್ಲಿ ಬರೆದಿಲ್ಲ. ಆದರೆ "ಆ ಸಂದರ್ಭದಲ್ಲಿ ಅದು ಸಮಂಜಸವಾಗಿತ್ತು" ಎಂದು ವಾದಿಸಲು ಒಂದು ಕಿಂಡಿಯಿದೆ, ಮೊದಲ ಸಲದ ಅಪರಾಧಕ್ಕೆ ಜಾಮೀನೂ ಸಿಗುತ್ತದೆ. ಆದ್ದರಿಂದ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯನ್ನು ಮರೆಯಬಾರದು. ಅದರ 18ನೇ ಕಲಮಿನಡಿ ಫೋನಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ಹೆಣ್ಣನ್ನು ಸಂಪರ್ಕಿಸಕೂಡದೆಂದು ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ ಕೊಡಬಹುದು.

2025ರ ಜುಲೈ 14ರಂದು ಸುಪ್ರೀಂ ಕೋರ್ಟು ಕೊಟ್ಟ ಇನ್ನೊಂದು ತೀರ್ಪು ಈಗ ಗಂಡಂದಿರ ಬಾಯಲ್ಲಿದೆ. ಸಂಗಾತಿಯ ಮಾತನ್ನು ಗುಟ್ಟಾಗಿ ಮುದ್ರಿಸಿಕೊಂಡಿದ್ದರೂ ವೈವಾಹಿಕ ಮೊಕದ್ದಮೆಯಲ್ಲಿ ಅದನ್ನು ಸಾಕ್ಷಿಯಾಗಿ ನೋಡಬಹುದು ಎಂಬುದು ಆ ತೀರ್ಪು. ವರದಕ್ಷಿಣೆ ಕೇಳುವ ಮಾತನ್ನು ಮುದ್ರಿಸಿಕೊಂಡ ಹೆಂಡತಿಗೂ ಇದು ನೆರವಾದೀತು. ಆದರೆ ಯಂತ್ರವೂ ಸಂಪಾದನೆಯೂ ಯಾರ ಕೈಯಲ್ಲಿದೆಯೋ ಅವರಿಗೇ ಇದರ ಲಾಭ ಹೆಚ್ಚು ಎಂಬುದು ನನ್ನ ಆತಂಕ. ಸಾಕ್ಷಿಯನ್ನು ನೋಡಬಹುದು ಎಂದರೆ ಬೇಹು ಹಾಕಬಹುದು ಎಂದು ಅರ್ಥವಲ್ಲ. ಇದನ್ನು ನಮ್ಮ ಠಾಣೆಗಳಿಗೆ ನಾವೇ ಹೋಗಿ ತಿಳಿಹೇಳಬೇಕಾಗಿದೆ.

ತಾನೊಬ್ಬನೇ ನೋಡುತ್ತೇನೆ ಎಂದು ಬೀಗುವ ಗಂಡಸರಿಗೂ ಒಂದು ಮಾತು. ಕಂಪ್ಯೂಟರ್ ಪರದೆಯ ಚಿತ್ರವನ್ನು ಕದ್ದು ಕಳಿಸುತ್ತಿದ್ದ ಅಮೆರಿಕದ ಪಿಸಿಟ್ಯಾಟಲ್‌ಟೇಲ್ ಎಂಬ ಕಂಪನಿಯ ದತ್ತಾಂಶವೆಲ್ಲ 2024ರ ಮೇ ತಿಂಗಳಲ್ಲಿ ಬಯಲಾಗಿ, ಕಂಪನಿಯೇ ಮುಚ್ಚಿತು. ಮನೆಯ ಹೆಣ್ಣುಮಕ್ಕಳ ಮೇಲೆ ಕಣ್ಣಿಡಲು ಹೊರಟವನು ತನ್ನ ಮನೆಯ ಬಾಗಿಲನ್ನು ಊರಿಗೇ ತೆರೆದಿಡುತ್ತಾನೆ.

ಕೊನೆಯದಾಗಿ, ಎಲ್ಲ ಎಚ್ಚರವನ್ನೂ ಹೆಣ್ಣಿನ ತಲೆಗೇ ಕಟ್ಟುವುದು ನ್ಯಾಯವಲ್ಲ. "ನೀನೇಕೆ ಗುಪ್ತಪದ ಕೊಟ್ಟೆ?" ಎಂದು ಕೇಳುವ ಮೊದಲು "ಅವನೇಕೆ ಕದ್ದು ನೋಡಿದ?" ಎಂದು ಕೇಳೋಣ. ಒಬ್ಬೊಬ್ಬಳೇ ಇದನ್ನೆಲ್ಲ ಮಾಡಲಾರಳು. ಪ್ರತಿ ಸಂಘವೂ ಮುಂದಿನ ಸಭೆಯಲ್ಲಿ ಒಂದು ನಿರ್ಣಯ ಮಾಡಲಿ. ಉಳಿತಾಯದ ಪುಸ್ತಕ ಒಬ್ಬರ ಬಳಿ ಇಡುವ ಹಾಗೆ, ಕಷ್ಟದಲ್ಲಿರುವ ಸೋದರಿಗಾಗಿ ಒಂದು ಸುರಕ್ಷಿತ ಮೊಬೈಲನ್ನು ಸಂಘದಲ್ಲಿ ಇಡಲಿ. 181, 112, ಸೈಬರ್ ಅಪರಾಧಕ್ಕೆ 1930, ಈ ಮೂರು ಸಂಖ್ಯೆಗಳು ಎಲ್ಲರಿಗೂ ಬಾಯಿಪಾಠ ಆಗಲಿ, ಕರೆ ಆ ಸಂಘದ ಮೊಬೈಲಿನಿಂದಲೇ ಹೋಗಲಿ.

ನಮ್ಮ ಆ ಸೋದರಿ ಈಗ ತವರಿನಲ್ಲಿದ್ದಾಳೆ. ಅಣ್ಣನೊಡನೆ ಮಾತು ಬಂದಿದೆ. ಸಂಘದ ಮೊಬೈಲಿನಲ್ಲಿ ಆಕೆ ಆ ಪಟ್ಟಿಯನ್ನು ಮತ್ತೊಮ್ಮೆ ಬರೆದಳು, ಈ ಸಲ ನ್ಯಾಯಾಲಯಕ್ಕೆ. ಕಳಿಸುವ ಮುನ್ನ ನಮ್ಮತ್ತ ತಿರುಗಿ "ಇದನ್ನು ಬೇರೆ ಯಾರೂ ನೋಡುವುದಿಲ್ಲ ಅಲ್ಲವೇನಕ್ಕಾ?" ಎಂದು ಕೇಳಿದಳು. "ಇಲ್ಲ" ಎಂದು ಧೈರ್ಯವಾಗಿ ಹೇಳುವ ಹಾಗೆ ಇರಬೇಕಾದ್ದು ನಮ್ಮೆಲ್ಲರ ಹೊಣೆ.